ಗಾಡಿ ಏನಂತು?

"ಗಾಡಿ ಏನಂತು?" ಅಜ್ಜ ಬಾನೆಟ್ಟಿನ ಹಿಂದಿನಿಂದ ತಲೆಯೆತ್ತಿ ಕೇಳಿದರು.

"ದಿನಾ ಅಂದಂಗೇ ಅಂತು," ಎಂದಳು ಹಾರ್ನು, ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಳ್ಳುತ್ತ.

ಸ್ಟೇರಿಂಗಿನ ಮುಂದೆ ಕೂತಿದ್ದ ಅಮ್ಮ ಕೀ ಬಿಟ್ಟು ಕಣ್ಣು ಮುಚ್ಚಿಕೊಂಡಳು. ಗುರುವಾರ ಬೆಳಗಿನ ಆರು ಗಂಟೆ. ಪಿಕಪ್ ಏಳದೆ ಇದು ನಾಲ್ಕನೆಯ ದಿನ.

ಹಾರ್ನು ಎಂಬುದು ಶಾಲೆಯ ರಿಜಿಸ್ಟರಿನಲ್ಲಿದ್ದ ಹೆಸರಲ್ಲ. ತೊಟ್ಟಿಲಲ್ಲಿ ಅವಳು ಅಳುತ್ತಿದ್ದ ರೀತಿ ಕೇಳಿ ಅಜ್ಜ ಇಟ್ಟದ್ದು. ನಲವತ್ತು ವರ್ಷ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡವರಿಗೆ ಹೆಸರಿಡುವಾಗಲೂ ಬೇರೆ ಪದ ಹೊಳೆದಿರಲಿಲ್ಲ.

"ಗಾಡಿ ಏನಂತು?" ಎನ್ನುವುದು ಅವರಿಬ್ಬರ ಆಟ. ಅಜ್ಜ ಕೇಳಬೇಕು, ಹಾರ್ನು ಗಾಡಿಯ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಬೆಲ್ಟು ಸಡಿಲವಾದರೆ ಕೀಂಈಈ, ಬ್ಯಾಟರಿ ಸುಸ್ತಾದರೆ ಟಕ ಟಕ ಟಕ. ಒಮ್ಮೆ ಅವಳ ಸೈಲೆನ್ಸರ್ ಸದ್ದಿಗೆ ಪಕ್ಕದ ಮನೆಯ ನಾಯಿ ಗೇಟು ಹಾರಿ ಓಡಿತ್ತು.

ಆದರೆ ಕಳೆದ ಶುಕ್ರವಾರ ಅವಳು ಗುರುಗುಟ್ಟುತ್ತಿರುವಾಗ ಫಸ್ಟ್ ಬೆಂಚಿನ ಹುಡುಗಿ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ನೋಡಿಬಿಟ್ಟಳು. ಶನಿವಾರ ಇಡೀ ಕ್ಲಾಸು, "ಲೇ, ಎಷ್ಟು ಮೈಲೇಜ್ ಕೊಡ್ತೀಯೇ?" ಎಂದು ಕೇಳಿತು. ತನಗೆ ಹತ್ತು ವರ್ಷ ತುಂಬಿತು, ಇನ್ನು ಈ ಆಟ ಸಾಕು ಎಂದುಕೊಂಡಳು. ಸೋಮವಾರದಿಂದ ಅವಳದು ಒಂದೇ ಉತ್ತರ: "ದಿನಾ ಅಂದಂಗೇ."

ಸೋಮವಾರದಿಂದಲೇ ಗಾಡಿಯೂ ಮುನಿಸಿಕೊಂಡಿತ್ತು. ಮೊದಲ ದಿನ ಅಜ್ಜ ಬ್ಯಾಟರಿಯ ತುದಿಗಳಿಗೆ ಹಿಡಿದಿದ್ದ ಬಿಳಿ ಪುಡಿಯನ್ನು ಬಿಸಿನೀರು ಹಾಕಿ ತಿಕ್ಕಿದರು. ಮಂಗಳವಾರ ಗೆಳೆಯರೊಬ್ಬರ ಬ್ಯಾಟರಿಯನ್ನೇ ತಂದು ಕೂರಿಸಿದರು. ಬುಧವಾರ ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಇಂಜಿನ್ ಜೋರಾಗಿಯೇ ತಿರುಗುತ್ತಿತ್ತು, ಹಿಂದಿನಿಂದ ಬಿಳಿ ಹೊಗೆಯೂ ಬರುತ್ತಿತ್ತು, ಸ್ಟಾರ್ಟ್ ಮಾತ್ರ ಆಗುತ್ತಿರಲಿಲ್ಲ. ಬಿಸಿಲೇರಿ ಒಂಬತ್ತಾದರೆ ಏನೂ ನಡೆದೇ ಇಲ್ಲವೆಂಬಂತೆ ಎದ್ದು ಕೂರುತ್ತಿತ್ತು.

ಅಮ್ಮ ಬೇಕರಿಯ ಬ್ರೆಡ್ಡನ್ನು ಹಾಸ್ಟೆಲುಗಳಿಗೆ ಮುಟ್ಟಿಸಬೇಕಾದದ್ದು ಏಳು ಗಂಟೆಗೆ. ಹಸಿದ ಮಕ್ಕಳು ಬಿಸಿಲೇರುವ ತನಕ ಕಾಯುವುದಿಲ್ಲ. ಇವತ್ತೂ ತಡವಾದರೆ ಬೇರೆ ಗಾಡಿ ಗೊತ್ತುಮಾಡಿಕೊಳ್ಳುತ್ತೇನೆ ಎಂದು ಬೇಕರಿಯ ಯಜಮಾನರು ನಿನ್ನೆ ಸಂಜೆ ಫೋನಿನಲ್ಲಿ ಹೇಳಿದ್ದರು.

"ಅಪ್ಪಾ, ಬೇರೆ ಮೆಕ್ಯಾನಿಕ್‌ನ ಕರೆಸ್ಲಾ?" ಅಮ್ಮ ಮೆಲ್ಲಗೆ ಕೇಳಿದಳು.

ಅಜ್ಜ ಬಾನೆಟ್ಟಿನೊಳಗೆ ಸ್ಪ್ಯಾನರ್ ತಿರುಗಿಸುತ್ತಲೇ ಇದ್ದರು. ಅಮ್ಮ ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಆಗ ಅಜ್ಜ ಸ್ಪ್ಯಾನರ್ ಕೆಳಗಿಟ್ಟು, ಒಂದೇ ಒಂದು ಸಲ ತಾವೇ ಕೂತು ನೋಡುತ್ತೇನೆಂದು ಅವಳನ್ನು ಇಳಿಸಿದರು.

ಚಳಿಯಲ್ಲಿ ಡೀಸೆಲ್ ಇಂಜಿನ್ ಏಳಬೇಕಾದರೆ ಮೊದಲು ಅದರ ಹೊಟ್ಟೆ ಬೆಚ್ಚಗಾಗಬೇಕು. ಅದಕ್ಕೆ ಹೀಟರ್ ಪ್ಲಗ್ ಎಂಬ ಪುಟ್ಟ ಕಡ್ಡಿಗಳಿವೆ. ಕೀಯನ್ನು ಅರ್ಧ ತಿರುಗಿಸಿದರೆ ಹಳದಿ ದೀಪ ಹತ್ತುತ್ತದೆ, ಕಡ್ಡಿಗಳು ಕಾಯುತ್ತವೆ. ನಾಲ್ಕು ದಿನವೂ ದೀಪ ಚೆನ್ನಾಗಿಯೇ ಹತ್ತಿತ್ತು. ಹಾಗಾಗಿ ಹೀಟರಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಅಜ್ಜ ಕೀ ಅರ್ಧ ತಿರುಗಿಸಿದರು. ದೀಪ ಹತ್ತಿತು. ಆದರೆ ಅವರು ದೀಪ ನೋಡುತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಹಾರ್ನುವಿನ ಮುಖ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಪಕ್ಕದವರ ಪೇಪರ್ ನೋಡುವವರ ಕಣ್ಣು ಹಾಗಿರುತ್ತದೆ.

ಹಾರ್ನುವಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಕಿವಿಗೊಟ್ಟಳು.

"ಅಜ್ಜ, ಟಿಕ್ ಅನ್ಲಿಲ್ಲ."

"ಯಾವ ಟಿಕ್ಕು?"

"ದೀಪ ಹತ್ತಿದಾಗ ಒಳಗಡೆ ಟಿಕ್ ಅಂತಿತ್ತಲ್ಲ, ಅದು."

"ಎಷ್ಟು ದಿನದಿಂದ ಅಂತಿಲ್ಲ?"

"ಸೋಮವಾರದಿಂದ."

"ಹೇಳ್ಲೇ ಇಲ್ವಲ್ಲೇ ನೀನು."

"ನಿಂಗೂ ಕೇಳ್ಸುತ್ತಲ್ಲ ಅಂದ್ಕೊಂಡೆ."

ಅಜ್ಜ ಮಸಿಬಟ್ಟೆ ತೆಗೆದುಕೊಂಡು ಕೈ ಒರೆಸಿಕೊಳ್ಳತೊಡಗಿದರು. ಬೆರಳು ಬೆರಳಿನ ಸಂದನ್ನೂ ಬಿಡದೆ ಒರೆಸಿದರು. ಕೈಯಲ್ಲಿ ಅಷ್ಟೊಂದು ಮಸಿ ಇರಲಿಲ್ಲ.

ಆಮೇಲೆ ಇಳಿದು, ಇಂಜಿನ್ನಿನ ಪಕ್ಕ ಬೆಂಕಿಪೊಟ್ಟಣದಷ್ಟಿದ್ದ ಕಪ್ಪು ಡಬ್ಬಿಯೊಂದನ್ನು ಕಿತ್ತರು. ರಿಲೇ. ಹೀಟರಿಗೆ ಕರೆಂಟು ಬಿಡುವುದು ಅದರ ಕೆಲಸ. ಬಿಟ್ಟಾಗ ಟಿಕ್ ಎನ್ನುತ್ತದೆ. ಸತ್ತುಹೋಗಿದ್ದರೆ ದೀಪ ಉರಿಯುತ್ತದೆ, ಕಡ್ಡಿ ಮಾತ್ರ ತಣ್ಣಗೇ ಇರುತ್ತದೆ. ಅಜ್ಜ ಬ್ಯಾಟರಿಯಿಂದ ಹೀಟರಿಗೆ ದಪ್ಪ ವೈರೊಂದನ್ನು ನೇರವಾಗಿ ಮುಟ್ಟಿಸಿ ಹದಿನೈದು ಎಣಿಸಿ, ಮತ್ತೆ ಸೀಟಿಗೇರಿದ್ದ ಅಮ್ಮನಿಗೆ ಕೀ ತಿರುಗಿಸೆಂದು ಕೈ ಸನ್ನೆ ಮಾಡಿದರು.

ಗಾಡಿ ಕೆಮ್ಮಿತು, ನಡುಗಿತು, ಎದ್ದಿತು.

ಅಜ್ಜ ಇಂಜಿನ್ನಿನ ಕಡೆ ಕಿವಿ ತಿರುಗಿಸಲಿಲ್ಲ. ಅಂಗೈಯನ್ನು ಮಡ್‌ಗಾರ್ಡಿನ ಮೇಲೆ ಒತ್ತಿ ಹಿಡಿದು ತಲೆಯಾಡಿಸಿದರು.

"ಏನಾಗಿತ್ತಪ್ಪಾ?" ಅಮ್ಮ ಕೂಗಿದಳು.

"ರಿಲೇ," ಎಂದರು ಅಜ್ಜ ಬಲು ಗಂಭೀರವಾಗಿ. "ನಂಗೆ ಮೊದಲಿಂದ್ಲೂ ಡೌಟಿತ್ತು."

ಬೇರೆ ದಿನವಾಗಿದ್ದರೆ ಹಾರ್ನು ಬಿಡುತ್ತಿರಲಿಲ್ಲ. ಇವತ್ತು ಅವಳಿಗೆ ಅಜ್ಜ ದಿನೇದಿನೇ ಏರಿಸುತ್ತಿದ್ದ ಟೀವಿಯ ವಾಲ್ಯೂಮು ನೆನಪಾಯಿತು. ಫೋನು ಬಂದರೆ "ನೀನೇ ಮಾತಾಡಮ್ಮ" ಎಂದು ಅಜ್ಜ ಅದನ್ನು ಕೈಗೆ ತುರುಕುವುದು ನೆನಪಾಯಿತು. ಆಟದಲ್ಲಿ ಅವರು ಒಮ್ಮೆಯೂ ತಾವಾಗಿ ಸದ್ದು ಮಾಡಿ ತೋರಿಸದೆ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿದಳು. ಸಿಗಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಬ್ರೆಡ್ಡಿನ ಖಾಲಿ ಟ್ರೇಗಳನ್ನು ಗಾಡಿಗೇರಿಸಲು ಹೋದಳು. ಏಳಕ್ಕೆ ಐದು ನಿಮಿಷವಿರುವಾಗ ಬ್ರೆಡ್ಡು ಹಾಸ್ಟೆಲು ಮುಟ್ಟಿತು.

ಮರುದಿನ ಬೆಳಿಗ್ಗೆ ಹೊಸ ರಿಲೇ ಕೂತಿತ್ತು. ಚಳಿ ಹಾಗೇ ಇತ್ತು. ಟ್ಯೂಷನ್ನಿಗೆ ಹೊರಟಿದ್ದ ಫಸ್ಟ್ ಬೆಂಚಿನ ಹುಡುಗಿ ಗೇಟಿನಾಚೆ ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೂರಿದಳು.

ಸ್ಟೇರಿಂಗಿನ ಮುಂದೆ ಕೂತಿದ್ದ ಅಜ್ಜ ಅವಳನ್ನು ನೋಡಿದರು, ಹಾರ್ನುವನ್ನು ನೋಡಿದರು. ಕೀ ಅರ್ಧ ತಿರುಗಿಸಿದರು. "ಗಾಡಿ ಏನಂತು?" ಎಂದು ಮಾತ್ರ ಕೇಳಲಿಲ್ಲ. ಕಣ್ಣನ್ನು ದೀಪದ ಮೇಲೆಯೇ ಇಟ್ಟುಕೊಂಡರು.

ಒಳಗೆಲ್ಲೋ, ಉಗುರಿನಿಂದ ಗಾಜು ತಟ್ಟಿದಷ್ಟು ಸಣ್ಣಗೆ ಸದ್ದಾಯಿತು.

"ಟಿಕ್!" ಎಂದಳು ಹಾರ್ನು, ರಸ್ತೆಯ ಆ ತುದಿಗೂ ಕೇಳುವಂತೆ.

ಗೇಟಿನಾಚೆ ನಗು ಕೇಳಿಸಿತು. ಹಾರ್ನು ತಿರುಗಿ ನೋಡಲಿಲ್ಲ. ಅಜ್ಜನ ಮೀಸೆಯ ಒಂದು ತುದಿ ಅಲುಗಿತು. ದೀಪ ಆರುವವರೆಗೆ ಕಾದು ಅವರು ಕೀ ಪೂರ್ತಿ ತಿರುಗಿಸಿದರು.

ಇಡೀ ಗಾಡಿ ಗಡಗಡ ನಡುಗಿ ಎದ್ದಿತು. ಸೀಟಿನಲ್ಲಿ ಕೂತವರಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಆದರೂ ಹಾರ್ನು ಕಿಟಕಿಗೆ ಬಾಯಿ ತಂದು, ಉಸಿರು ಪೂರ್ತಿ ಎಳೆದುಕೊಂಡು, ಹೇಳಿದಳು: "ಗುರ್ರ್ರ್ರ್ರ್ರ್!"