ಬೆಂಕಿ ಪಂಪಿನ ಪೂಜೆ

ಕಪಾಳಕ್ಕೆ ಬಿದ್ದ ಏಟಿನ ಉರಿ ಹದಿನೆಂಟು ದಿನವಾದರೂ ರೇವಣಸಿದ್ದನಿಗೆ ಆರಿರಲಿಲ್ಲ. ಶಹಾಪುರದ ಹೊರಗಿನ ಹತ್ತಿ ಗಿರಣಿಯಲ್ಲಿ ಅವನು ಸೂಪರ್‌ವೈಸರ್. ಹೊಡೆದವನು ಅವನ ಕೈಕೆಳಗಿನ ಎಲೆಕ್ಟ್ರಿಶಿಯನ್ ಅಯ್ಯಣ್ಣ. ಅದೂ ಹತ್ತಿ ರಾಶಿಯ ಮುಂದೆ, ಹೆಣ್ಣಾಳುಗಳೆಲ್ಲ ನೋಡುತ್ತಿದ್ದಾಗ. ರೇವಣಸಿದ್ದನ ಬಾಯಿಂದ ಹಾರಿದ ಸಿಗರೇಟನ್ನು ಅಯ್ಯಣ್ಣ ಬೂಟಿನಲ್ಲಿ ಹೊಸಕಿ, 'ರಿ' ಹಚ್ಚುವುದನ್ನೂ ಮರೆತು ಕೂಗಿದ್ದ.

"ಹತ್ತಿ ಮುಂದ ಸೇದಾಕತ್ತೀಯಲ್ಲ, ನಲವತ್ತು ಮಂದೀನ ಸುಟ್ಟು ಕೊಲ್ಲಬೇಕಂತ ಮಾಡೀಯೇನು?"

ಕೂಲಿಯ ಶಿವಲೀಲಾ ಸೆರಗು ಬಾಯಿಗಿಟ್ಟು ನಕ್ಕಳು. ಅಯ್ಯಣ್ಣ ಸಾಯಬೇಕೆಂದು ರೇವಣಸಿದ್ದ ಅವತ್ತೇ ತೀರ್ಮಾನಿಸಿದ. ಸತ್ತರೆ ಸಾಲದು, ಇದೇ ಹೆಂಗಸರ ಕಣ್ಣೆದುರು ಸಾಯಬೇಕು.

ಕರೆಂಟಿನವನು ಕರೆಂಟಿನಿಂದ ಸತ್ತರೆ ಯಾರೂ ಹುಬ್ಬೇರಿಸುವುದಿಲ್ಲ. ತೊಂದರೆ ಕರೆಂಟು ಕಡಿಯುವ ಬ್ರೇಕರುಗಳದು. ಗಿರಣಿಯ ಯಂತ್ರಗಳಲ್ಲಿ ತುಸು ಹೆಚ್ಚುಕಡಿಮೆಯಾದರೂ ಟಪ್ಪೆಂದು ಬಿದ್ದುಬಿಡುತ್ತಿದ್ದವು. ಹಾಗೆ ಬೀಳದಿದ್ದುದು ಒಂದೇ, ಬೆಂಕಿ ಬಿದ್ದಾಗ ನೀರು ಹಾರಿಸಲೆಂದು ಗುಂಡಿಯಲ್ಲಿ ಕೂರಿಸಿದ್ದ ಫೈರ್ ಪಂಪಿನದು. ತಪಾಸಣೆಗೆ ಬಂದವರಿಗೆ ಅಯ್ಯಣ್ಣನೇ ಹಾಗೆ ಹೇಳಿದ್ದ: "ಇದು ಲಗೂ ಬೀಳಂಗಿಲ್ರಿ ಸಾಹೇಬ್ರ. ಮೋಟರ್ ಸುಟ್ಟರ ಸುಡಲಿ, ನೀರು ನಿಂದರಬಾರದು." ತನ್ನ ಸಾವಿಗೆ ತಾನೇ ದಾರಿ ತೋರಿಸಿದ ಪುಣ್ಯಾತ್ಮ ಎಂದು ರೇವಣಸಿದ್ದನಿಗೆ ನಗು ಬಂದಿತ್ತು.

ಉಳಿದದ್ದು ರಬ್ಬರ್ ಬೂಟು. ಅಯ್ಯಣ್ಣ ಅದನ್ನು ಮಲಗುವಾಗ ಮಾತ್ರ ಬಿಚ್ಚುತ್ತಾನೆಂದು ಆಳುಗಳು ಚೇಷ್ಟೆ ಮಾಡುತ್ತಿದ್ದರು. ಆದರೆ ಅಮಾವಾಸ್ಯೆಗೆ ಯಂತ್ರಗಳಿಗೆ ಪೂಜೆ. ಪಂಪಿಗೆ ವಿಭೂತಿ ಹಚ್ಚುವಾಗ ಬೂಟು ಹಾಕಿಕೊಂಡು ನಿಲ್ಲುವವರು ಯಾರು? ಗುಂಡಿಯಲ್ಲಂತೂ ಸದಾ ಪಾದ ಮುಳುಗುವಷ್ಟು ನೀರು.

ಅಮಾವಾಸ್ಯೆಯ ಬೆಳಿಗ್ಗೆ ಯಾರೂ ಬರುವ ಮೊದಲೇ ಅವನು ಕೈಗವಸು ತೊಟ್ಟು ಗುಂಡಿಗಿಳಿದ. ತನ್ನೂರು ಹತ್ತಿಕುಣಿಯ ಹೊಲದ ಮೋಟರುಗಳಲ್ಲಿ ಪಳಗಿದ ಕೈ. ಪಂಪಿನ ಅರ್ಥ್ ತಂತಿಯನ್ನು ತುಕ್ಕು ಹಿಡಿದು ತುಂಡಾದಂತೆ ಮುರಿದು, ಗೋಡೆಯ ಮೇಲಿದ್ದ ಪಂಪಿನ ವೈರಿಂಗ್ ಪೆಟ್ಟಿಗೆಯಿಂದ ಒಂದು ತೆಳು ತಂತಿಯನ್ನು ಎಳೆದು ಪಂಪಿನ ಮೈಗೆ ಬಿಗಿದ. ಕೈಗವಸು ಹಳ್ಳಕ್ಕೆ ಹೋಯಿತು. ಇನ್ನು ಅಯ್ಯಣ್ಣ ಬಿದ್ದ ಕೂಡಲೇ ಗಿರಣಿಯ ಮೇನ್ ಸ್ವಿಚ್ಚು ಬಂದ್ ಮಾಡಿಸಬೇಕು. ಎಲ್ಲರಿಗಿಂತ ಮೊದಲು ಕೆಳಗಿಳಿದು, ಹೆಣ ಎತ್ತುವ ನೆಪದಲ್ಲಿ ಆ ತಂತಿ ಕಿತ್ತು ಜೇಬಿಗೆ ಹಾಕಬೇಕು. ಪ್ರಾಣದ ಹಂಗು ತೊರೆದು ಇಳಿದ ಎಂದು ಊರೇ ಬೆನ್ನು ತಟ್ಟುತ್ತದೆ.

ಎಲ್ಲವೂ ಅಂದುಕೊಂಡಂತೆಯೇ ಆಯಿತು. ಪೂಜೆಗೆ ಹೆಣ್ಣಾಳುಗಳೆಲ್ಲ ಗುಂಡಿಯ ಸುತ್ತ ನೆರೆದಿದ್ದಾಗ ಅಯ್ಯಣ್ಣ ಬರಿಗಾಲಲ್ಲಿ ಇಳಿದು, ವಿಭೂತಿ ಬೆರಳುಗಳನ್ನು ಪಂಪಿನ ಮೇಲಿಟ್ಟ. ಬೆನ್ನು ಬಿಲ್ಲಿನಂತೆ ಬಾಗಿತು. ನಾಲಿಗೆ ಹಲ್ಲಿಗೆ ಸಿಕ್ಕಿ ರಕ್ತ ಗದ್ದಕ್ಕಿಳಿಯಿತು. ತಲೆ ಕಬ್ಬಿಣಕ್ಕೆ ಎರಡು ಸಲ ಬಡಿದು ಒಡೆಯಿತು. ಚರ್ಮ ಸುಟ್ಟ ವಾಸನೆ ಮೇಲಿನವರೆಗೂ ಬಂತು. ಕೊನೆಗೆ ಕಾಲು ಕುಸಿದು, ಕೈ ಕಳಚಿ, ನೀರಿಗೆ ಬಿದ್ದ.

"ಅಯ್ಯೋ, ಯಾರರ ಹಿಡೀರಿ!" ಎಂದು ಶಿವಲೀಲಾ ಚೀರಿದಳು.

"ಯಾರೂ ಮುಟ್ಟಬ್ಯಾಡ್ರಿ!" ರೇವಣಸಿದ್ದ ಗರ್ಜಿಸಿದ. "ಗಯಾಸ, ಮೇನ್ ಬಂದ್ ಮಾಡು!"

ಕಾವಲುಗಾರ ಗಯಾಸ ಓಡಿದ. ಶೆಡ್ಡಿನ ದೀಪಗಳು ಆರಿದವು, ಫ್ಯಾನುಗಳು ತಿರುಗಿ ತಿರುಗಿ ನಿಂತವು. "ಬಂದ್ ಆತ್ರಿ!" ಎಂಬ ಕೂಗು ಕೇಳಿದ್ದೇ ರೇವಣಸಿದ್ದ ಗುಂಡಿಗೆ ಧುಮುಕಿದ. ಮೇಲೆ ಶಿವಲೀಲಾ ಕೈಮುಗಿದು ನಿಂತಿದ್ದಳು. ಈಗ ನಗು ನೋಡೋಣ ಎಂದುಕೊಳ್ಳುತ್ತ ಅವನು ಎಡಗೈಯನ್ನು ಪಂಪಿಗೆ ಊರಿ ತಂತಿಯತ್ತ ಬಾಗಿದ.

ಬೆಂಕಿ ಬಿದ್ದಾಗ ಜನ ಮೊದಲು ಮಾಡುವ ಕೆಲಸವೇ ಮೇನ್ ಬಂದ್ ಮಾಡುವುದು. ಅದರಿಂದ ನೀರು ನಿಲ್ಲಬಾರದೆಂದು ಫೈರ್ ಪಂಪಿನ ಲೈನನ್ನು ಮೇನಿಗಿಂತ ಮೊದಲೇ ಬೇರೆಯಾಗಿ ಎಳೆದಿರುತ್ತಾರೆ, ಅದಕ್ಕೆ ಬೇರೆಯದೇ ಸ್ವಿಚ್ಚು. ರೇವಣಸಿದ್ದನ ಬೆರಳುಗಳು ಕಬ್ಬಿಣಕ್ಕೆ ಕಚ್ಚಿಕೊಂಡವು, ತೆರೆದ ಬಾಯಿಂದ ದನಿ ಬರಲಿಲ್ಲ. "ಮೇನ್ ಬಂದ್ ಐತ್ರಿ, ಇನ್ಯಾವುದು ಬಂದ್ ಮಾಡ್ಲಿ?" ಎಂದು ಗಯಾಸ ಮೇಲಿನಿಂದ ಅರಚುತ್ತಲೇ ಇದ್ದ. ಆ ಇನ್ನೊಂದು ಸ್ವಿಚ್ಚು ಎಲ್ಲಿದೆಯೆಂದು ಇಡೀ ಗಿರಣಿಯಲ್ಲಿ ಗೊತ್ತಿದ್ದವನು ಒಬ್ಬನೇ. ಅವನು ರೇವಣಸಿದ್ದನ ಕಾಲ ಬಳಿ ಸತ್ತು ಬಿದ್ದಿದ್ದ.