ಗಂಗೊಳ್ಳಿಯಿಂದ ಕಾರವಾರಕ್ಕೆ ಒಬ್ಬಳೇ

"ನನ್ ಅಣ್ಣ ಎಲ್ಲಿ...? ಅವ್ನನ್ ಬಿಟ್ಟಿಕೆ ನೀನೊಬ್ನೇ ಬಂದ್ಯಾ?"

ಗಂಗೊಳ್ಳಿಯ ದಡದಲ್ಲಿ, ಊರವರೆಲ್ಲರ ಎದುರಿಗೆ, ಸೀತು ರಾಜೇಂದ್ರನ ಅಂಗಿ ಹಿಡಿದು ಜಗ್ಗಿದಳು. ಇನ್ನೆರಡು ತಿಂಗಳಲ್ಲಿ ಅವಳ ಕೊರಳಿಗೆ ತಾಳಿ ಕಟ್ಟಬೇಕಿದ್ದವನು ಅವನು. ಅದುವರೆಗೆ ಅವಳು ಅವನನ್ನು 'ನೀವು' ಎಂದಲ್ಲದೆ ಕರೆದವಳೇ ಅಲ್ಲ!

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅವರ ಮೀನಿನ ದೋಣಿ ಮಗುಚಿತ್ತು. ಅವಳ ಅಣ್ಣ ನಾಗ ಸಮುದ್ರದ ಪಾಲಾಗಿದ್ದ.

ಒದ್ದೆ ಬಟ್ಟೆಯಲ್ಲೇ ನಿಂತಿದ್ದ ರಾಜೇಂದ್ರ, ಮೆಲ್ಲಗೆ ಅವಳ ಕೈ ಬಿಡಿಸಿಕೊಂಡು ಹೊರಟುಹೋದ. ಬ್ರಹ್ಮಾವರದ ಹತ್ತಿರವಿದ್ದ ತನ್ನ ಮನೆಗೂ ಅವನು ಹೋಗಲಿಲ್ಲ.

ಅದು ೧೯೯೮ರ ಮಾತು. ಹದಿನೈದು ವರ್ಷ ಕಳೆದರೂ, ಆಮೇಲಿನ ದಿನಗಳನ್ನು ಸೀತು ಮರೆತಿಲ್ಲ.

ಅದೇ ದೋಣಿಯಲ್ಲಿದ್ದ ಶೇಖರ, ಇಪ್ಪತ್ತು ದಿನಗಳ ಬಳಿಕ ಕುಂದಾಪುರದ ಆಸ್ಪತ್ರೆಯಿಂದ ಬಂದವನೇ ಅವಳಿಗೆ ಹೇಳಿದ್ದ.

"ನಾಗನ್ನ ಹುಡ್ಕುಕೆ ಅವ ಮೂರ್ ಸಲ ಮುಳುಗ್ದ, ಮಾರಾಯ್ತಿ! ಕಡಿಗೆ ನಾನೇ ಅವನ್ನ ಎಳ್ಕಂಡ್ ಬಂದದ್ದ್."

ಅಯ್ಯೋ ದೇವರೇ... ನಾನು ಎಂಥ ಮಾತು ಆಡಿಬಿಟ್ಟೆ!

ರಾಜೇಂದ್ರ ಕಾರವಾರದ ಕಡೆ ಯಾವುದೋ ದೋಣಿಯಲ್ಲಿದ್ದಾನೆ ಎಂಬುದಷ್ಟೇ ಸುದ್ದಿ. ಬಸ್ಸು ಹೆದ್ದಾರಿಯಲ್ಲಿ ಹೋಗುತ್ತದೆ. ದೋಣಿಗಳು ಬರುವುದು ದಡದ ಮರಳಿಗೆ. ಸೀತು ಅಣ್ಣನ ಸೈಕಲ್ ತೆಗೆದಳು.

"ಹೆಣ್ ಮಗು ಒಬ್ಳೇ ಅಷ್ಟ್ ದೂರವಾ? ಜನ ಎಂತ ಹೇಳುದ್?" ತಾಯಿ ಅಕ್ಕು ಅಡ್ಡ ನಿಂತಳು.

"ಜನ ಹೇಳುದ್ ಇರ್ಲಿ ಅಮ್ಮ. ನಾ ಹೇಳದ್ದನ್ನ ವಾಪಸ್ ತಕಂಬುದ್ ಬ್ಯಾಡ್ದಾ?"

ಅಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು ದಾರಿ ಬಿಟ್ಟಳು.

ಮರವಂತೆ, ಶಿರೂರು, ಭಟ್ಕಳ, ಹೊನ್ನಾವರ... ಪ್ರತಿ ಮರಳದಂಡೆಗೂ ಇಳಿದಳು.

"ಗಂಗೊಳ್ಳಿ ದೋಣಿ ರಾಜೇಂದ್ರ... ಕಂಡಿದ್ರಿಯಾ?"

"ಇಲ್ಲೆ, ಕಂಡಿಲ್ಲೆ."

"ಕಂಡ್ರೆ ಹೇಳಿ... ಸೀತು ಹುಡ್ಕಂಡ್ ಬಂದಿತ್ ಅಂತ."

ಕೆಲವರು ನಕ್ಕರು. ಕೆಲವು ಹೆಂಗಸರು ಗಂಜಿ ಕೊಟ್ಟು ಜಗಲಿಯಲ್ಲಿ ಚಾಪೆ ಹಾಸಿದರು. ಅಂಗೈಯ ಬೊಬ್ಬೆಗಳು ಒಡೆದವು. ಕುಮಟೆ ದಾಟಿದ ಮೇಲೆ ಚೈನು ತುಂಡಾಗಿ, ರಿಪೇರಿಯವನು ಸಿಗುವವರೆಗೆ ಅರ್ಧ ದಿನ ಬಿಸಿಲಲ್ಲಿ ಸೈಕಲ್ ತಳ್ಳಿದಳು.

ಒಂಬತ್ತನೆಯ ದಿನ ಕಾರವಾರ. ಬಲೆ ಸರಿಪಡಿಸುತ್ತಿದ್ದ ಮೀನುಗಾರನೊಬ್ಬ ತಲೆಯೆತ್ತಿದ.

"ರಾಜೇಂದ್ರನಾ? ಗೋವಾದ ಬೋಟು ಹತ್ತಿ ವಾರ ಆಯ್ತಲ್ಲ. ಇನ್ನು ಈ ಕಡೆ ಬರೋದಿಲ್ಲ ಅಂದಿದ್ದ."

ಸೀತು ಒದ್ದೆ ಮರಳಿನಲ್ಲಿ ಕುಸಿದಳು. ಹೀಗೇ ನೀರಿಗೆ ನಡೆದುಬಿಡಲೇ...? ಮನೆಯಲ್ಲಿ ಅಮ್ಮ ಒಬ್ಬಳೇ! ಆ ಒಂದು ನೆನಪು ಅವಳನ್ನು ಎಬ್ಬಿಸಿತು.

ಬಂದ ದಾರಿಯಲ್ಲೇ ತಿರುಗಿದಳು. ಹೋಗುವಾಗ ಆಸೆಯಿತ್ತು, ಈಗ ಬರೀ ದಾರಿ.

ಬೈಂದೂರು ದಾಟಿ ಉಪ್ಪುಂದಕ್ಕೆ ಬಂದಾಗ ಮಧ್ಯಾಹ್ನ. ಇನ್ನು ತುಳಿಯಲಾರದೆ ಇಳಿದು ನಡೆಯುತ್ತಿದ್ದಳು. ಹಿಂದೆ ಮೀನಿನ ಲಾರಿಯೊಂದು ಗಕ್ಕನೆ ನಿಂತಿತು.

"ಸೀತೂ...!"

ಸೈಕಲ್ ಕೈಜಾರಿ ಬಿತ್ತು. ಗಡ್ಡ ಬೆಳೆದ, ಬಡಕಲಾದ ರಾಜೇಂದ್ರ ಲಾರಿಯಿಂದ ಇಳಿದು ಓಡಿ ಬರುತ್ತಿದ್ದ!

"ಬೋಟ್ ಹೊನ್ನಾವರಕ್ಕೆ ಬಂದಿತ್ತ್. ಅಲ್ಲಿ ಹೇಳಿದ್ರ್... ಸೀತು ಬಂದಿತ್ ಅಂತ. ಅಲ್ಲಿಂದ ನಿನ್ನ ಹುಡ್ಕಂಡೇ ಬಂದೆ."

"ನಾ ಹೇಳದ್ ತಪ್ಪಾಯ್ತ್..." ಅವಳು ಅವನ ಕೈ ಹಿಡಿದಳು. "ಶೇಖರಣ್ಣ ಎಲ್ಲ ಹೇಳ್ದ. ನೀವಿಲ್ದೆ ನಂಗಾತಿಲ್ಲೆ..."

"ನಾಗನ್ ಕೈ ಸಿಕ್ಕಿತ್ತ್ ಸೀತು... ಹಿಡ್ಕಂಬುಕೆ ಆಯಿಲ್ಲೆ."

ಅಂದು ದಡದಲ್ಲಿ ಒಂದು ಹನಿ ಕಣ್ಣೀರು ಹಾಕದವನು, ಈಗ ನಡುರಸ್ತೆಯಲ್ಲಿ ಮಗುವಿನಂತೆ ಬಿಕ್ಕಿದ. ಸೀತು ಅವನ ತಲೆಯನ್ನು ಎದೆಗೊರಗಿಸಿಕೊಂಡಳು. ಲಾರಿಯವನು ಮುಖ ತಿರುಗಿಸಿ ಕುಳಿತ.

"ಬನ್ನಿ, ಮನಿಗ್ ಹೋಪ."

"ನಿನ್ ಅಮ್ಮನ್ ಮುಖ ಹ್ಯಾಂಗ್ ಕಾಂಬುದ್?"

"ನಾನಿದ್ದೆ ಅಲ್ದಾ... ಒಟ್ಟಿಗೇ ಕಾಂಬ."