ಮುಗಿಯಬಾರದ ಲೆಕ್ಕ

"ಇವತ್ತಾದ್ರೂ ಮುಗಿತೈತೇನ್ರಿ?"

ಲ್ಯಾಬಿನ ಬಾಗಿಲಲ್ಲಿ ನಿಂತೇ ಅಂಜನಕುಮಾರ್ ಕೇಳಿದರು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖವೇ ಎಲ್ಲ ಹೇಳಿಬಿಡುತ್ತಿತ್ತು.

ಅವರು ಹರಿಹರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಅಲ್ಲಿನ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಬಿಸಿ ಎಣ್ಣೆ ಸರಿಯಾಗಿ ತಣಿಯುತ್ತಿರಲಿಲ್ಲ. ಅದರ ಕೊಳವೆಗಳಲ್ಲಿ ನೀರು ಎಲ್ಲಿ ಓಡುತ್ತದೆ, ಎಲ್ಲಿ ಸುಮ್ಮನೆ ಸುತ್ತುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ದಾವಣಗೆರೆಯ ನಮ್ಮ ಕಾಲೇಜಿಗೆ ಬಂದ ಕೆಲಸ. ಅಂದರೆ ನನ್ನ ಕೆಲಸ. ಪ್ರತಿ ಶನಿವಾರ ಅವರು ಹೊಸ ರೀಡಿಂಗ್ ತರುತ್ತಿದ್ದರು. ಉತ್ತರ ಬಂದರೆ ಆ ಶನಿವಾರಗಳೂ ಮುಗಿಯುತ್ತಿದ್ದವು.

ಅದಕ್ಕೇ ಒಂದು ಕಳ್ಳಾಟ ಆಡಿದ್ದೆ. ಲೆಕ್ಕ ಸುತ್ತುಸುತ್ತಾಗಿ ನಡೆಯುತ್ತದೆ. ಪ್ರತಿ ಸುತ್ತಿನಲ್ಲಿ ಹಳೆಯ ಉತ್ತರವನ್ನು ಎಷ್ಟು ತಿದ್ದಬೇಕು ಎನ್ನುವುದಕ್ಕೆ ಒಂದು ಅಂಕಿ. ಅದನ್ನು ತೀರಾ ಸಣ್ಣದು ಮಾಡಿಟ್ಟಿದ್ದೆ. ದಾರಿ ಸರಿಯಾಗಿತ್ತು, ನಡಿಗೆ ಮಾತ್ರ ಆಮೆಯದು.

ಅವರು ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಅಂಗಿಯಿಂದ ಮಷಿನ್ ಎಣ್ಣೆಯ ತೆಳು ವಾಸನೆ. ಕಣ್ಣು ಪರದೆಯ ಮೇಲೆ, ತುಟಿಯ ತುದಿಯಲ್ಲಿ ಮಾತ್ರ ಏನೋ ತುಂಟತನ.

"ಸುಧಾ ಅವ್ರೇ, ಸಿಟ್ಟಾಗಬ್ಯಾಡ್ರಿ. ಈ ತಿದ್ದೋ ಫ್ಯಾಕ್ಟರ್ ಯಾಕ ಇಷ್ಟು ಸಣ್ಣದೈತೆ?"

ನನ್ನ ಕಿವಿ ಬಿಸಿಯಾದವು. "ದೊಡ್ಡದು ಮಾಡಿದ್ರೆ... ಲೆಕ್ಕ ಕೈ ತಪ್ಪಿ ಹೋಗ್ತೈತ್ರಿ."

"ಲೆಕ್ಕಾನೋ, ನಾನೋ?"

ನಾನು ಕೀಬೋರ್ಡನ್ನು ಸುಮ್ಮನೆ ಒಂದಿಷ್ಟು ಆಚೆ ಸರಿಸಿದೆ.

"ನಂಗೂ ಅವಸರ ಇಲ್ರಿ," ಅಂದರು ಮೆತ್ತಗೆ. "ಆದ್ರೆ ಅಲ್ಲಿ ಮಷಿನ್ ಕಾದು ಕಾದು ನಿಲ್ತೈತೆ. ಸೋಮವಾರದೊಳಗ ಉತ್ತರ ಕೊಡ್ಲಿಲ್ಲಂದ್ರೆ ಸಾಹೇಬ್ರು ಈ ಕೆಲ್ಸ ಬ್ಯಾರೇರಿಗೆ ಕೊಡ್ತಾರಂತೆ. ನಿಮ್ಮ ದುಡಿಮೆ ದಂಡ ಆಗಬಾರ್ದು."

ನಾನೇ ಅಂಕಿ ದೊಡ್ಡದು ಮಾಡಿದೆ. ಪರದೆಯ ಮೇಲೆ ಲೆಕ್ಕದ ತಪ್ಪಿನ ಅಂಕಿಗಳು ಸಾಲುಸಾಲಾಗಿ, ಸರಸರನೆ ಇಳಿಯತೊಡಗಿದವು. ಒಂದೊಂದು ಸಾಲೂ ಅವರನ್ನು ಹರಿಹರದ ಕಡೆ ತಳ್ಳುತ್ತಿತ್ತು. ಎದ್ದೆ, ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ಕೂತೆ.

"ಒಂದ್ಕಡೆ ಕೂಡ್ರಿ ಮಾರಾಯ್ರೆ," ಎಂದು ನಕ್ಕರು.

ಕೊನೆಗೆ ಚಿತ್ರ ಮೂಡಿತು. ಒಳಬರುವ ಮೂಲೆಯಲ್ಲೇ ನೀರು ಸುಳಿ ಸುತ್ತುತ್ತಿತ್ತು; ಅಂಚಿನ ಕೊಳವೆಗಳಿಗೆ ಹೋಗುತ್ತಲೇ ಇರಲಿಲ್ಲ. ಉತ್ತರ ಅದೇ.

ಅವರು ಉತ್ತರ ತುಂಬಿಕೊಟ್ಟ ಫ್ಲಾಪಿ ಜೇಬಿಗಿಟ್ಟು ಎದ್ದರು. ಬಾಗಿಲ ತನಕ ಹೋದರು. ಡೈರಿಯಲ್ಲಿ ಎಷ್ಟೋ ಸಲ ಬರೆದ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯೇ.

"ಮುಂದಿನ ಶನಿವಾರಾನೂ ಬರ್ರಿ. ಲ್ಯಾಬಿಗಲ್ಲ. ದೇವರಾಜ ಅರಸು ಬಡಾವಣೆಗೆ, ನಮ್ಮನಿಗೆ. ನಿಮ್ಮವ್ವನ್ನ ಕರ್ಕೊಂಡು."

ಅವರು ಚೌಕಟ್ಟು ಹಿಡಿದು ನಿಂತರು. ಈ ಸಲ ತುಟಿಯಲ್ಲಿ ತುಂಟತನ ಇರಲಿಲ್ಲ.

"ಶನಿವಾರದ ತನಕ ಯಾಕ್ರಿ?" ಅಂದರು. "ನಾಳೆ ಭಾನುವಾರ ಐತಲ್ಲ."